ಲೈನರ್ ರಬ್ಬರಿಗೆ ಸೋಪಿನ ನೊರೆ

ಕಾಫಿ ಮೊಗ್ಗಿಗೆ ನೀರು ಹೊಡೆಯಬೇಕೆಂದರೆ ಹಳ್ಳಕ್ಕೆ ಇಳಿದು ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ತಿರುಗಿಸಬೇಕಿದ್ದ ಕಾಲ ಅದು. ಪಾಳ್ಯದ ಕಡೆಯ ನಮ್ಮಂಥ ಸಣ್ಣ ತೋಟದ ಮಕ್ಕಳಿಗೆ ಮಾರ್ಚ್ ಅಂದರೆ ಪರೀಕ್ಷೆಗಿಂತ ಮೊದಲು ನೆನಪಾಗುತ್ತಿದ್ದದ್ದು ಆ ಎಂಜಿನ್ನಿನ ಸದ್ದು. ಜೆಟ್ಟಿನಿಂದ ಚಿಮ್ಮುವ ನೀರಿಗೆ ಬಟ್ಟೆ ಸಮೇತ ನೆನೆದು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆವು. ಆಮೇಲೊಂದು ಬೆಳಗ್ಗೆ ಬಾಗಿಲು ತೆಗೆದರೆ ತೋಟವೆಲ್ಲ ಬೆಳ್ಳಗಾಗಿ, ಹೂವಿನ ಘಮ ಮುಖಕ್ಕೇ ಬಡಿಯುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟಿದ್ದರು. ತೋಟ ಪಾಲಾದಾಗ ಗೇಟು ಯಾರ ಕಡೆಗೆ ಬರಬೇಕು ಅಂತ ಶುರುವಾದ ಜಗಳ. ಗದ್ದೆ, ಕಣ, ಕೊಟ್ಟಿಗೆ ಎಲ್ಲ ಪಾಲಾಯಿತು. ಎಂಜಿನ್ ಮಾತ್ರ ಪಾಲು ಮಾಡಲು ಬರಲಿಲ್ಲ. ಹಾಗಾಗಿ ಹಳ್ಳಕ್ಕೆ ಹೋಗುವಾಗಲೆಲ್ಲ ನನ್ನನ್ನೂ ಕರೆದೊಯ್ಯುತ್ತಿದ್ದರು.

"ಪುಟ್ಟಿ, ಸ್ಪ್ಯಾನರ್ ಕೊಡಕ್ಕೇಳು ನಿಮ್ ಚಿಕ್ಕಪ್ಪಂಗೆ."

ಚಿಕ್ಕಪ್ಪ ಪಕ್ಕದಲ್ಲೇ ಕೂತಿರುತ್ತಿದ್ದರು. ಆದರೂ ನಾನು ಅದನ್ನು ಇನ್ನೊಮ್ಮೆ ಹೇಳಿದರೇ ಸ್ಪ್ಯಾನರ್ ಕೈ ಬದಲಾಗುತ್ತಿದ್ದದ್ದು. ಇವರ ಕಡೆ ನೋಡಿ ನಕ್ಕರೆ ಅವರಿಗೆ ಬೇಸರ, ಅವರ ಜೊತೆ ಕೂತರೆ ಇವರಿಗೆ. ಆ ವರ್ಷ ನಾನು ನೆಲ ನೋಡಿಕೊಂಡು ಕೂರುವುದನ್ನು ಚೆನ್ನಾಗಿ ಕಲಿತೆ.

ಮೊಗ್ಗು ಬಲಿತು ನಿಂತ ಹೊತ್ತಿಗೇ ಎಂಜಿನ್ ಕೆಟ್ಟಿತು. ಒಳಗಿನ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆಗೆ ಲೈನರ್ ಅಂತಾರೆ. ಅದರ ಬುಡಕ್ಕೆ ಎರಡು ರಬ್ಬರ್ ಬಳೆ ಇರುತ್ತವೆ. ಎಂಜಿನ್ ತಣಿಸಲು ಲೈನರಿನ ಹೊರಗೆ ಹರಿಯುವ ನೀರು ಕೆಳಗಿನ ಆಯಿಲ್‌ಗೆ ಇಳಿಯದ ಹಾಗೆ ತಡೆಯುವುದು ಅವೇ. ಅವು ಹರಿದಿದ್ದವು. ಚಿಕ್ಕಪ್ಪ ಸಕಲೇಶಪುರಕ್ಕೆ ಹೋಗಿ ಹೊಸ ಬಳೆ ತಂದರು. ಭಾನುವಾರ ಬೆಳಗ್ಗೆ ಮೂವರೂ ಪಂಪ್ ಶೆಡ್ಡಿಗೆ ಇಳಿದೆವು.

ಶೆಡ್ಡಿಗೆ ಕಲ್ಲಿನ ಗೋಡೆ, ತಗಡಿನ ಮಾಡು, ಒಂದು ಬಾಗಿಲು, ಅಂಗೈ ಅಗಲದ ಕಿಂಡಿ. ಒಳಗೆಲ್ಲ ಡೀಸೆಲ್ ವಾಸನೆ. ಲೈನರನ್ನು ಮೊದಲೇ ಎಳೆದು ಹೊರಗಿಟ್ಟಿದ್ದರು. ಅಪ್ಪ ಹೊಸ ಬಳೆಗಳ ಪೊಟ್ಟಣ ಬಿಚ್ಚಿದವರೇ ಅವನ್ನು ಆಯಿಲ್ ತುಂಬಿದ ಬಟ್ಟಲಿಗೆ ಹಾಕಿದರು.

"ಪುಟ್ಟಿ, ಹೇಳು ನಿಮ್ಮಪ್ಪಂಗೆ. ಈ ರಬ್ಬರ್‌ಗೆ ಆಯಿಲ್ ಸೋಕ್ಸಬಾರ್ದಂತೆ. ಅಂಗಡಿಯೋರು ಸೋಪಿನ ನೀರು ಹಚ್ಚಿ ಅಂದವ್ರೆ."

ನಾನು ಹೇಳಿದೆ.

"ಎಂಜಿನ್ ಒಳಗಿರೋ ರಬ್ಬರ್‌ಗೆ ಆಯಿಲ್ ಹಚ್ದೆ ಇನ್ನೇನು ಹಚ್ತಾರೆ? ನೆನೀಲಿ, ಸಲೀಸಾಗಿ ಇಳೀತದೆ. ಅವ್ನು ಹೇಳಿದ್ದೆಲ್ಲ ಕೇಳ್ಕಂಡು ಕೂತ್ರೆ ಮೊಗ್ಗು ಉದುರೋಯ್ತದೆ ಅನ್ನು."

ಅದನ್ನು ನಾನು ಹೇಳಲಿಲ್ಲ. ಹೇಳುವ ಮೊದಲೇ ಹೊರಗೆ ಬಿದಿರು ಮುರಿದ ಸದ್ದಾಯಿತು.

ಕಿಂಡಿಯಿಂದ ನೋಡಿದ ಚಿಕ್ಕಪ್ಪ ಬಾಗಿಲು ಎಳೆದು ಅಗಳಿ ಹಾಕಿದರು. ಹಳ್ಳದ ಈಚೆ ದಡದಲ್ಲೇ ಆನೆಗಳು. ಮರಿ ಬೇರೆ ಇತ್ತು. ತಾಯಿ ಆನೆ ಶೆಡ್ಡಿನ ಮುಂದಿನ ನೆರಳಿಗೆ ಬಂದು ನಿಂತುಬಿಟ್ಟಿತು. ಹುಳಿ ಹುಳಿ ಹುಲ್ಲಿನ, ಕೆಸರಿನ ವಾಸನೆ ಒಳಗೆಲ್ಲ ತುಂಬಿತು. ಫೋನಿಗೆ ಟವರ್ ಇಲ್ಲ. ಕೂಗುವ ಹಾಗೂ ಇಲ್ಲ.

ಆ ಹಗಲು ಎಷ್ಟು ಉದ್ದ ಇತ್ತೆಂದು ಈಗಲೂ ಹೇಳಲು ಬರುವುದಿಲ್ಲ. ತಗಡು ಕಾಯುತ್ತ ಹೋಯಿತು. ಅಪ್ಪ ಒಂದು ಗೋಡೆಗೆ, ಚಿಕ್ಕಪ್ಪ ಎದುರು ಗೋಡೆಗೆ ಒರಗಿದ್ದರು. ಆನೆಗೆ ಹೆದರಿದ್ದಕ್ಕಿಂತ ನಾನು ಆ ಎರಡು ಗೋಡೆಗಳ ನಡುವಿನ ಮೌನಕ್ಕೆ ಹೆದರಿದ್ದೆ. ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಅಪ್ಪನ ಹತ್ತಿರ, ಚಿಕ್ಕಮ್ಮ ಕೊಟ್ಟ ಕಡುಬು ಚಿಕ್ಕಪ್ಪನ ಹತ್ತಿರ. ಇಬ್ಬರೂ ನನ್ನ ಕಡೆಗೇ ಚಾಚಿದರು. ಹಸಿವಿಲ್ಲದಿದ್ದರೂ ಎರಡನ್ನೂ ತಿಂದೆ. ಗಂಟಲಿಗೆ ಕಡುಬು ಸಿಕ್ಕಿಕೊಂಡಾಗ ಇಬ್ಬರ ಕೈಯೂ ಒಟ್ಟಿಗೆ ನೀರಿನ ಬಾಟಲಿಗೆ ಹೋಗಿ, ಒಟ್ಟಿಗೇ ಹಿಂದೆ ಸರಿದವು. ಬಾಟಲಿಯನ್ನು ನಾನೇ ಎತ್ತಿಕೊಂಡೆ. ಆಮೇಲೆ ನಟ್ಟುಗಳನ್ನೇ ಎಸೆದು ಹಿಡಿಯುವ ಅಚ್ಚಿನಕಲ್ಲು ಮಾಡಿಕೊಂಡು, ಸದ್ದಾಗದ ಹಾಗೆ ಮಡಿಲಲ್ಲೇ ಆಡಿದೆ.

ಹೊತ್ತು ಇಳಿಯುತ್ತಿದ್ದಾಗ ಅಪ್ಪ ಬೇರೇನೂ ತೋಚದೆ ಬಟ್ಟಲಿನಿಂದ ಬಳೆ ಎತ್ತಿ ಲೈನರಿಗೆ ತೊಡಿಸಲು ನೋಡಿದರು. ಅದು ಲೈನರಿನ ಬುಡದಲ್ಲಿ ಕೊರೆದ ತೋಡಿನಲ್ಲಿ ಕೂರಲಿಲ್ಲ. ಬೆಳಗ್ಗೆ ಬಿಗಿಯಾಗಿದ್ದ ಬಳೆ ಊದಿಕೊಂಡು, ಅಳತೆ ಮೀರಿ, ಮೆತ್ತಗೆ ಜೋಲುತ್ತಿತ್ತು. ಇನ್ನೊಂದೂ ಹಾಗೇ. ಆನೆ ಬಾರದಿದ್ದರೆ ಬೆಳಗ್ಗೆಯೇ ತೊಡಿಸಿ ಇಳಿಸಿಬಿಡುತ್ತಿದ್ದರು; ಅದು ಒಳಗೆ ಊದಿ ಮತ್ತೆ ಹರಿಯುತ್ತಿತ್ತು.

ಅಪ್ಪ ಬಳೆ ಕೆಳಗಿಟ್ಟು ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ಇನ್ನೇನು "ಪುಟ್ಟಿ" ಅನ್ನುತ್ತಾರೆ ಅಂದುಕೊಂಡೆ. ತಲೆ ಎತ್ತಿ ಎದುರು ಗೋಡೆಯನ್ನೇ ನೋಡಿ ಕೇಳಿದರು:

"ಇನ್ನೊಂದ್ ಜೊತೆ ತಂದಿದ್ದೀಯೇನೋ?"

ಚಿಕ್ಕಪ್ಪ ಜೇಬಿನಿಂದ ಪೊಟ್ಟಣ ತೆಗೆದರು. "ತಂದಿವ್ನಿ ಕಣಣ್ಣ. ನಿನ್ನ ನಾನು ಕಾಣ್ದೇ ಇರೋನಾ?"

ಆಳುಗಳು ಹಳ್ಳದಲ್ಲಿ ಕೈಕಾಲು ತೊಳೆಯಲು ಇಟ್ಟುಕೊಂಡಿದ್ದ ಕೆಂಪು ಸೋಪಿನ ಚೂರು ಕಿಂಡಿಯಲ್ಲಿತ್ತು. ಬಾಟಲಿಯಲ್ಲಿ ಉಳಿದಿದ್ದು ಗುಟುಕು ನೀರು. ಅಪ್ಪ ನನ್ನ ಮುಖ ನೋಡಿದರು. "ಬಾಯಾರೈತಾ ಮಗ?" ಇಲ್ಲ ಅಂದೆ. ಬಾಯಾರಿತ್ತು.

ಚಿಕ್ಕಪ್ಪ ಅಂಗೈಯಲ್ಲಿ ನೊರೆ ಮಾಡಿ ಬಳೆಗಳಿಗೂ ಎಂಜಿನ್ನಿನ ಒಳಗಿನ ಅಂಚಿಗೂ ಸವರಿದರು. ಸುತ್ತಿಗೆ ಎತ್ತುವ ಹಾಗಿರಲಿಲ್ಲ; ತಾಯಿ ಆನೆ ಗೋಡೆಯ ಆಚೆಗೇ ಇತ್ತು, ಉಸಿರು ಬಿಡುವುದು ಕೇಳುತ್ತಿತ್ತು. ಬಳೆ ತೊಡಿಸಿದ ಲೈನರಿನ ಮೇಲೆ ಹಲಗೆ ಇಟ್ಟು ನಾಲ್ಕು ಕೈಯಲ್ಲಿ ಒತ್ತಿದರು.

"ನಿನ್ ಕಡೆ ಎತ್ತರ ಆಯ್ತು ಕಣೋ."

"ತಡಿ ಮಾರಾಯ, ಅವಸರ ಮಾಡ್ಬ್ಯಾಡ. ಹೂಂ, ಈಗ."

ಎಲ್ಲ ಪಿಸುಮಾತಿನಲ್ಲೇ. ಲೈನರ್ ಸದ್ದಿಲ್ಲದೆ ಜಾರಿ ಕೂತಿತು. ಇಬ್ಬರ ಹಣೆಗಳೂ ಹತ್ತಿರ ಹತ್ತಿರ ಬಂದಿದ್ದವು, ಬೆವರು ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಯಾಕೋ ಅಳು ಬಂತು. ಬಾಯಿಗೆ ಲಂಗ ತುರುಕಿಕೊಂಡು ಅತ್ತೆ.

ಉಳಿದದ್ದನ್ನೆಲ್ಲ ಜೋಡಿಸಿ ಹ್ಯಾಂಡಲ್ ತಿರುಗಿಸುವ ಹೊತ್ತಿಗೆ ಆನೆಗಳು ಆಚೆ ದಡ ಸೇರಿದ್ದವು. ಎಂಜಿನ್ ಸದ್ದಿಗೆ ಒಂದು ಘೀಳಿಟ್ಟು ಗುಡ್ಡ ಹತ್ತಿದವು. ಆಯಿಲ್ ಬಣ್ಣ ಕೆಡಲಿಲ್ಲ. ಆ ವರ್ಷ ಹೂವು ಚೆನ್ನಾಗಿಯೇ ಬಂತು.

ಆಮೇಲೆ ಕೆಲವು ವರ್ಷ ಅಣ್ಣತಮ್ಮ ಹಳ್ಳದಲ್ಲಿ ಮಾತಾಡುತ್ತಿದ್ದರು. ಗೇಟಿನ ವಿಚಾರ ಹಾಗೇ ಇತ್ತು, ಎಂಜಿನ್ನಿನ ವಿಚಾರ ಬೇಕಾದಷ್ಟಿತ್ತು. ಈಗ ಇಬ್ಬರಿಗೂ ಬೇರೆ ಬೇರೆ ಬೋರ್, ಬೇರೆ ಬೇರೆ ಮೋಟರ್. ಕೂತಲ್ಲಿಂದಲೇ ಫೋನಿನಲ್ಲಿ ಚಾಲೂ ಮಾಡುತ್ತಾರೆ. ಆನೆ ಎಲ್ಲಿದೆ ಅನ್ನುವ ಸುದ್ದಿಯೂ ಫೋನಿಗೇ ಬರುತ್ತದೆ. ಜಗಳ ಇಲ್ಲ, ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ. ಒಬ್ಬರಿಗೆ ಒಬ್ಬರಿಂದ ಆಗಬೇಕಾದ್ದು ಏನೂ ಉಳಿದಿಲ್ಲ, ಅಷ್ಟೇ.

ಹೋದ ಸಲ ಹೂವಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಅಲ್ಲಿಂದ ನಮ್ಮನೆಯ ಹೆಂಚು, ಬಟ್ಟೆ ಒಣಗಿಸುವ ತಂತಿ, ಅದರ ಮೇಲಿದ್ದ ಅಪ್ಪನ ಪಂಚೆ, ಎಲ್ಲ ಕಾಣುತ್ತಿತ್ತು.

ಚಿಕ್ಕಪ್ಪ ಲೋಟ ಕೆಳಗಿಟ್ಟು ಕೇಳಿದರು: "ಅಣ್ಣ ಹೆಂಗವ್ನೆ?"