ತಾತನ ಕೈಂಡ್ಲಿ, ಅತ್ತೆಯ ಚೀಟಿ

ಮೊನ್ನೆ ಬೀರೂರು ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ನಿಂತಿದ್ದೆ. ಗುಮಾಸ್ತ ರಸೀದಿ ಪುಸ್ತಕದ ಎರಡು ಹಾಳೆಗಳ ನಡುವೆ ಕಾರ್ಬನ್ ಸಿಕ್ಕಿಸಿ, ಪೆನ್ನು ಒತ್ತಿ ನನ್ನ ಹೆಸರು ಬರೆದ. ಹಾಳೆ ಹರಿದು ಕೊಡುವಾಗ ಆ ವಾಸನೆ ಬಂತು. ಮೇಣದ್ದೂ ಹೌದು, ಸೀಮೆಎಣ್ಣೆಯದೂ ಹೌದು, ಎರಡೂ ಅಲ್ಲದ ಒಂದು ತಂಪು ವಾಸನೆ. ನೀವು ಕಾರ್ಬನ್ ಹಾಳೆ ಬಳಸಿದ ಕಾಲದವರಾಗಿದ್ದರೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ರಸೀದಿಯನ್ನು ಮೂಗಿಗೆ ಹಿಡಿದು ನಿಂತ ನನ್ನನ್ನು ನೋಡಿ ಅವನು, "ಯಾಕ್ ಮೇಡಂ, ತಪ್ ಬರ್ದಿದೀನಾ?" ಎಂದ. ಇಲ್ಲಪ್ಪ ಎಂದು ಹೊರಗೆ ಬಂದೆ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತರೆ ಕಣ್ಣೆದುರು ರೈಲಿರಲಿಲ್ಲ, ಅಜ್ಜಂಪುರದ ನಮ್ಮ ಮನೆಯ ನಡುಮನೆ ಇತ್ತು.

ಆ ನಡುಮನೆಯಲ್ಲಿ ಬೆಳಗಿನ ಬಿಸಿಲು ಗವಾಕ್ಷಿಯಿಂದ ಇಳಿದು ತಾತನ ಟೈಪ್‌ರೈಟರಿನ ಮೇಲೆ ಬೀಳುತ್ತಿತ್ತು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಾತ ಹಾಳೆಗಳ ನಡುವೆ ಕಾರ್ಬನ್ ಸಿಕ್ಕಿಸಿಕೊಂಡು ಅದರ ಮುಂದೆ ಕೂರುತ್ತಿದ್ದ. ಜನರಿಗೆ ಅರ್ಜಿ ಬರೆದುಕೊಡುವುದು ಅವನ ಕೆಲಸ. ಆಗ ನಮ್ಮೂರು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಒಂಬತ್ತರ ಬಸ್ಸಿಗೆ ಹೋಗಿ ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರದ ಕೆಳಗೆ ಕೂತರೆ ಸಂಜೆಯವರೆಗೂ ಜಮೀನಿನ ಪಹಣಿ, ಖಾತೆ, ಪೋಡಿ ಎಂದು ಜನ ಸುತ್ತುವರಿದಿರುತ್ತಿದ್ದರು. ದೊಡ್ಡ ಸಾಹೇಬರಿಗೆ ಇಂಗ್ಲಿಷೇ ಆಗಬೇಕು ಎಂದು ಜನ ನಂಬಿದ್ದರು, ತಾತನೂ ನಂಬಿದ್ದ. ಅವನ ಅರ್ಜಿಗಳಿಗೆಲ್ಲ ಒಂದೇ ಎರಕ: ಮೇಲೆ ಇಂದ, ಗೆ, ಕೆಳಗೆ ಸಂಖ್ಯೆ ಹಾಕಿದ ಪ್ಯಾರಾಗಳು, ಕೊನೆಯ ಪ್ಯಾರಾದಲ್ಲಿ ದಯವಿಟ್ಟು ಎನ್ನಲು ಕೈಂಡ್ಲಿ, ತುದಿಯಲ್ಲಿ ಲಗತ್ತುಗಳ ಲೆಕ್ಕ. ಬರೆದದ್ದನ್ನು ಅರ್ಜಿದಾರನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಕೈಂಡ್ಲಿ ಬಂದಾಗ ಮಾತ್ರ ಕನ್ನಡಕ್ಕೆ ತರುತ್ತಿರಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟು ಎರಡೂ ಕೈ ಮುಗಿಯುತ್ತಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತ ಯಾವುದೋ ಹಳ್ಳಿಯ ಕುರಿಗಾಹಿಯೂ ತಕ್ಷಣ ಮುಗಿಯುತ್ತಿದ್ದ. ನಾನು ರಜೆಯಲ್ಲಿ ಜೊತೆಗೆ ಹೋದಾಗ ಅದನ್ನು ನೋಡಿ ನಕ್ಕು ಬೈಸಿಕೊಂಡಿದ್ದೇನೆ.

ಆ ಒಂದು ಪದದ ಮೇಲೆ ತಾತನಿಗೆ ಇದ್ದ ಮೋಹ ಹೇಳತೀರದು. ಅವನ ಹತ್ತಿರ ರಟ್ಟು ಕಿತ್ತುಹೋದ ದಪ್ಪ ನಿಘಂಟು ಒಂದಿತ್ತು. ಅದನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ನನಗೆ ಕೈಂಡ್ಲಿಯ ವಂಶಾವಳಿ ಹೇಳುತ್ತಿದ್ದ. ಹಿಂದೆ, ಬಹಳ ಹಿಂದೆ, ಅದಕ್ಕೆ ದಯೆ ಎಂಬ ಅರ್ಥವೇ ಇರಲಿಲ್ಲವಂತೆ. ಹುಟ್ಟಿಗೆ ತಕ್ಕ ಹಾಗೆ, ಸಹಜವಾಗಿ, ತನ್ನವರೊಂದಿಗೆ ತನ್ನವರು ಇರುವ ಹಾಗೆ ಎಂದಷ್ಟೇ ಇತ್ತಂತೆ. ಆಮೇಲೆ ಅದು ಅಕ್ಕರೆಯಾಯಿತು, ಅಕ್ಕರೆ ಕರುಣೆಯಾಯಿತು, ಕರುಣೆ ಕಾಗದಕ್ಕೆ ಇಳಿದು ವಿನಂತಿಯಾಯಿತು. ಆ ಹಳೆಯ ಅರ್ಥ ಗಿಡಗಳ ವಿಷಯದಲ್ಲಿ ಬಹಳ ದಿನ ಉಳಿದಿತ್ತು ಎಂದು ಅವನು ಹೇಳುತ್ತಿದ್ದ. ಹಿತ್ತಲಲ್ಲಿ ನೆಟ್ಟ ತೆಂಗಿನ ಸಸಿ ಹೊಸ ಸುಳಿ ಬಿಟ್ಟ ದಿನ ನನ್ನನ್ನು ಕೂಗಿ ಕರೆದು, "ನೋಡ್ ಪುಟ್ಟಿ, ಕೈಂಡ್ಲಿ ಹಿಡ್ಕೊಂಡೈತೆ. ಹೆಣ್ಮಕ್ಳೂ ಹೋದ್ ಮನೇಲಿ ಹಿಂಗೇ ಹಿಡ್ಕೋಬೇಕು," ಎಂದಿದ್ದ. ಬಾವಿಕಟ್ಟೆಯಲ್ಲಿ ಪಾತ್ರೆ ಬೆಳಗುತ್ತಿದ್ದ ಗಿರಿಜತ್ತೆ ತಲೆ ಎತ್ತಲಿಲ್ಲ.

ಗಿರಿಜತ್ತೆ ನನ್ನ ಅಪ್ಪನ ತಂಗಿ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಕೆಲಸದಲ್ಲಿದ್ದವರಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ, ಒಂದು ಯುಗಾದಿಯ ಹಿಂದಿನ ವಾರ, ಒಬ್ಬಳೇ ಬಸ್ಸಿನಲ್ಲಿ ಬಂದಿಳಿದಳು. ಆದದ್ದು ಇಷ್ಟೇ: ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ್ದಳು, ಜಾಡಿಗೆ ಜಾಡಿಯೇ ಬೂಷ್ಟು ಹಿಡಿದಿತ್ತು. ಮಾವ, ಅಂದರೆ ಅವಳ ಗಂಡ, ತಮ್ಮ ಅಕ್ಕಂದಿರ ಎದುರಿಗೆ, ಇಷ್ಟೂ ಕಲಿಸಿಲ್ಲವಾ ನಿಮ್ಮನೆಯಲ್ಲಿ ಎಂದುಬಿಟ್ಟಿದ್ದರು. ಕೋಪ ವಾರಕ್ಕೆ ಇಳಿಯಿತು. ಆದರೆ ಹಾಗೆ ಮುನಿಸಿಕೊಂಡು ತವರಿಗೆ ಬಂದ ಹೆಣ್ಣು ತಾನಾಗಿ ಮರಳಿ ಹೋಗುವಂತಿಲ್ಲ, ಗಂಡ ಬಂದು ಕರೆದುಕೊಂಡು ಹೋಗಬೇಕು. ಅದು ನಮ್ಮ ಕಡೆಯ ಮರ್ಯಾದೆ. ಅತ್ತೆ ಕಾದಳು. ಯುಗಾದಿ ಕಳೆದು ಮಾವಿನ ಮಿಡಿ ಬಂದಾಗ ಅಜ್ಜಿಯನ್ನು ಹತ್ತಿರ ಬಿಟ್ಟುಕೊಳ್ಳದೆ ತಾನೇ ಜಾಡಿ ತೊಳೆದು, ಬಿಸಿಲಿಗಿಟ್ಟು, ಒಂದೊಂದೇ ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ ಉಪ್ಪಿಗೆ ಹಾಕಿದಳು. ಮನೆಯೆಲ್ಲ ಮಾವಿನ ಸೊನೆಯ ಘಾಟು. ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಮುಖ ತೊಳೆದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಬಸ್ಸು ಹೋದ ಮೇಲೆ ಒಳಗೆ ಬರುತ್ತಿದ್ದಳು.

ಒಂದು ದಿನ ಅಜ್ಜಿ, "ಅಳಿಯಂದಿರಿಗೊಂದ್ ಕಾಗ್ದ ಬರೀಬಾರ್ದಾ? ಊರೋರಿಗೆಲ್ಲ ಬರೀತೀರಿ," ಎಂದಳು. ತಾತ ಮರುದಿನ ಬೆಳಿಗ್ಗೆಯೇ ಟೈಪ್‌ರೈಟರಿನ ಮುಂದೆ ಕೂತ. ಪಾಪ, ಅವನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಕಾಗದ. ಮಗಳ ಬಾಳಿನ ವಿಷಯವೆಂದು ಇನ್ನಷ್ಟು ಶ್ರದ್ಧೆಯಿಂದ ಉದ್ದನೆಯ ಹಾಳೆ ತೆಗೆದ. ಇಂಗ್ಲಿಷಿನಲ್ಲೇ ಇಂದ, ಗೆ, ಮಾನ್ಯರೇ. ಒಂದನೆಯದಾಗಿ ತಮ್ಮ ಧರ್ಮಪತ್ನಿಯು ಇಂಥ ದಿನದಿಂದ ನಮ್ಮಲ್ಲಿ ಇರುತ್ತಾಳೆ. ಎರಡನೆಯದಾಗಿ ತಾವು ಈವರೆಗೆ ಬಂದಿರುವುದಿಲ್ಲ. ಮೂರನೆಯದಾಗಿ, ಕೈಂಡ್ಲಿ, ಖುದ್ದಾಗಿ ಹಾಜರಾಗಿ ಕರೆದುಕೊಂಡು ಹೋಗತಕ್ಕದ್ದು. ಲಗತ್ತು: ಇಲ್ಲ. ಅದನ್ನು ನಮಗೆಲ್ಲ ಓದಿ ಹೇಳುವಾಗ ಕೈಂಡ್ಲಿಯ ಹತ್ತಿರ ನಿಂತು ಕೈ ಮುಗಿದ. ಈ ಸಲ ಅವನ ಕಣ್ಣು ತುಂಬಿತ್ತು. ರಿಜಿಸ್ಟರ್ ಮಾಡಿಸಿ, ತಲುಪಿದ್ದಕ್ಕೆ ಸಹಿ ಬರುವ ಕಾರ್ಡು ಹಚ್ಚಿಸಿ ಬಾ ಎಂದು ಲಕೋಟೆ, ಗೋಂದಿನ ಬಾಟಲಿ ಎರಡನ್ನೂ ನನ್ನ ಕೈಗೆ ಕೊಟ್ಟ.

ಹೊಸಿಲು ದಾಟುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದು ನಾಲ್ಕು ಮಡಿಕೆಯ ಒಂದು ಚೀಟಿಯನ್ನು ಅಂಗೈಗೆ ಒತ್ತಿದಳು. "ಲೇ ಪುಟ್ಟಿ, ಇದನ್ನೂ ಒಳಗಾಕಿ ಅಂಟಿಸ್ಬಿಡೇ. ತಾತಂಗೆ ಹೇಳ್ಬೇಡ ಕಣೇ," ಎಂದಳು. ಅವಳ ಬೆರಳಿನಲ್ಲಿ ಸೊನೆಯ ವಾಸನೆ ಇತ್ತು. ನಾನು ಆರನೆಯ ಕ್ಲಾಸು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ತಾತನ ಮೊಮ್ಮಗಳೆಂಬ ಜಂಬ ಬೇರೆ. ಅಂಚೆ ಕಚೇರಿಯ ಜಗುಲಿಯ ಮೇಲೆ ಲಕೋಟೆ ಬಿಡಿಸಿದೆ. ಲಗತ್ತು ಇಲ್ಲ ಎಂದು ತಾತನೇ ಬರೆದಿದ್ದ. ಇಲ್ಲ ಎಂದು ಬರೆದ ಮೇಲೆ ಒಳಗೆ ಏನಾದರೂ ಇದ್ದರೆ ಅರ್ಜಿಯೇ ತಿರಸ್ಕಾರ ಎಂದು ಅವನು ಎಷ್ಟು ಜನಕ್ಕೆ ಹೇಳಿದ್ದನ್ನು ನಾನು ಕೇಳಿದ್ದೆನೋ! ಅತ್ತೆಯ ಚೀಟಿಯಿಂದ ಅತ್ತೆಯ ಕೆಲಸವೇ ಕೆಡುತ್ತದೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಲಂಗದ ಜೇಬಿಗೆ ಚೀಟಿ ಸೇರಿಸಿ, ಲಕೋಟೆಗೆ ಗೋಂದು ಹಚ್ಚಿದೆ. ಮನೆಗೆ ಬಂದಾಗ ಅತ್ತೆ ಕಣ್ಣಲ್ಲೇ ಕೇಳಿದಳು, ನಾನು ಹೂಂ ಎಂದು ತಲೆಯಾಡಿಸಿದೆ. ಆಮೇಲೆ ಚೀಟಿಯನ್ನು ನಿಘಂಟಿನಲ್ಲಿ, ನನಗೆ ಚೆನ್ನಾಗಿ ಗೊತ್ತಿದ್ದ ಕೈಂಡ್ಲಿಯ ಪುಟದಲ್ಲಿ ಇಟ್ಟೆ.

ಹತ್ತು ದಿನಕ್ಕೆ ಕಾರ್ಡು ಮರಳಿ ಬಂತು. ಅದರಲ್ಲಿ ಮಾವನ ಸಹಿ ಇತ್ತು. ಅವರು ಬರಲಿಲ್ಲ. ಆ ಕಡೆಯಿಂದ ಬಂದವರೊಬ್ಬರು ಹೇಳಿದ ಮೇಲೆ ವಿಷಯ ತಿಳಿಯಿತು: ಅಳಿಯಂದಿರು ಅದನ್ನು ವಕೀಲರ ನೋಟೀಸು ಎಂದುಕೊಂಡಿದ್ದರು, ಯಾರೋ ಹಿರಿಯರು ಉತ್ತರ ಕೊಡಬೇಡ, ಸುಮ್ಮನಿರು ಎಂದಿದ್ದರು. ತಾತ ತನ್ನ ಕಾಗದದ ಕಾರ್ಬನ್ ಪ್ರತಿ ತೆಗೆದು ಮತ್ತೆ ಮತ್ತೆ ಓದಿದ. "ಕೈಂಡ್ಲಿ ಅಂತ ಬರ್ದಿದ್ನಲ್ಲಯ್ಯಾ, ಅದ್ಕಿಂತ ಇನ್ನೇನ್ ಬರೀಬೇಕಿತ್ತು?" ಎಂದು ಅಪ್ಪನನ್ನು ಎಷ್ಟೋ ಸಲ ಕೇಳಿದ, ನಿಘಂಟನ್ನು ಮಾತ್ರ ಮತ್ತೆ ಬಿಡಿಸಲಿಲ್ಲ. ಮುಗಿದ ಕೈ ಅಂಚೆಯಲ್ಲಿ ಹೋಗುವುದಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅಪ್ಪ ಖುದ್ದು ಹೋಗಿ ತಿಳಿಸಿ ಹೇಳುವಷ್ಟರಲ್ಲಿ ಮಾವ ದೂರಕ್ಕೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಅತ್ತೆಯೇ ಅಪ್ಪನನ್ನು ತಡೆದಳು, ಇನ್ನು ಹಿಂದೆ ಹೋಗಬೇಡ ಎಂದಳು. ನೋಟೀಸಿನ ಕಥೆ ಕೇಳಿ ಎಲ್ಲರೂ ತಾತನನ್ನು ನೋಡಿದರು. ನನ್ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಅತ್ತೆಗೂ ಇರಲಿಲ್ಲ. ತನ್ನ ಚೀಟಿಯೂ ಅದರ ಜೊತೆಗೇ ತಲುಪಿದೆ ಎಂದು ನಂಬಿದ್ದಳು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

ತಾತ ಹೋದ, ಅಜ್ಜಿ ಹೋದಳು. ನಾವು ಕಡೂರಿಗೆ ಬಂದೆವು, ನಿಘಂಟು ನನ್ನ ಜೊತೆಗೇ ಬಂತು. ಅಜ್ಜಂಪುರವೇ ಈಗ ತಾಲ್ಲೂಕಾಗಿದೆ, ನಮ್ಮ ನಡುಮನೆ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಕೈಂಡ್ಲಿಯೂ ಎಲ್ಲಿಂದ ಎಲ್ಲಿಗೋ ಬಂದಿದೆ. ಚಪ್ಪಲಿ ಹೊರಗೆ ಬಿಡಿ ಎನ್ನುವ ಫಲಕದಲ್ಲಿದೆ, ದಾಖಲೆ ಕೂಡಲೇ ಕಳಿಸಿ ಎಂದು ಗದರುವ ಮೆಸೇಜಿನಲ್ಲಿದೆ. ತಮ್ಮನ ಮಗಳನ್ನು ಕೇಳಿದರೆ, "ಅದು ಸಿಟ್ ಬಂದಾಗ ಹಾಕೋದು ಅತ್ತೆ. ಇಲ್ದಿದ್ರೆ ಮೋಸದ ಮೆಸೇಜಲ್ಲಿ ಇರುತ್ತೆ," ಎಂದು ನಕ್ಕಳು. ತಾತ ಕೇಳಿದ್ದರೆ ನಿಘಂಟು ತೆಗೆದು ಜಗಳಕ್ಕೆ ಕೂರುತ್ತಿದ್ದ. ನನಗೆ ನಗು ಬರಲಿಲ್ಲ.

ಗಿರಿಜತ್ತೆ ಕಡೂರಿನಲ್ಲಿ ಹೊಲಿಗೆ ಹೇಳಿಕೊಡುತ್ತಾ ಮುದುಕಿಯಾದಳು. ಪ್ರತಿ ವರ್ಷ ಮಿಡಿ ಹಾಕಿದಳು, ಒಂದು ವರ್ಷವೂ ಕೆಡಲಿಲ್ಲ. ಹೋದ ವರ್ಷ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಧೈರ್ಯ ಮಾಡಿ, "ಅತ್ತೆ, ಅವತ್ತು ಚೀಟಿ ಕೊಟ್ಟಿದ್ದೆಯಲ್ಲ..." ಎಂದು ಶುರು ಮಾಡಿದೆ. ಅವಳು ದಿಂಬಿನ ಕೆಳಗೆ ಕೈ ಹಾಕಿ ಹಳದಿಗಟ್ಟಿದ ಕಾರ್ಡು ತೆಗೆದಳು. ಮಾವನ ಸಹಿಯ ಮೇಲೆ ಬೆರಳು ಆಡಿಸುತ್ತಾ, "ಬರ್ಲಿಲ್ಲ, ಹೋಗ್ಲಿ ಬಿಡು. ನನ್ ಮಾತ್ ಓದಿದ್ರಲ್ಲ, ಅಷ್ಟ್ ಸಾಕಾಯ್ತು ಕಣೇ ಇಷ್ಟ್ ವರ್ಷಕ್ಕೆ," ಎಂದಳು. ಮಜ್ಜಿಗೆ ಕುಡಿಯುತ್ತೀಯಾ ಎಂದು ಕೇಳಿದೆ, ಕುಡಿಯುತ್ತೇನೆ ಎಂದಳು. ಹದಿನೈದು ದಿನಕ್ಕೆ ತೀರಿಕೊಂಡಳು.

ಮೊನ್ನೆ ಬೀರೂರಿನಿಂದ ತಂದ ಆ ರಸೀದಿಯನ್ನು ಇವತ್ತು ಮೇಜಿನ ಮೇಲಿಟ್ಟು ನಿಘಂಟು ಬಿಡಿಸಿದೆ. ಚೀಟಿ ಅದೇ ಪುಟದಲ್ಲಿತ್ತು. ಇಷ್ಟು ವರ್ಷ ಅದನ್ನು ಬಿಚ್ಚಿ ಓದುವ ಧೈರ್ಯ ನನಗೆ ಆಗಿರಲಿಲ್ಲ, ಇವತ್ತು ಓದಿದೆ. ಕಳಿಸುವುದಕ್ಕೆ ಈಗ ವಿಳಾಸವಿಲ್ಲ. ಮಾವನೂ ಇಲ್ಲ ಎಂದು ಯಾವಾಗಲೋ ಕೇಳಿದ್ದೆ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ, ತಾತ ಹೇಳಿಕೊಟ್ಟ ಹಾಗೆಯೇ ಮುಗಿಸುತ್ತೇನೆ.

ಲಗತ್ತು: ಒಂದು.

"ಈ ಸಲ ಮಿಡಿ ಚೆನ್ನಾಗಿ ಉಪ್ಪು ಹಿಡಿದಿದೆ. ಇನ್ನು ಒದ್ದೆ ಸೌಟು ಹಾಕಲ್ಲ. ಬನ್ನಿ."