ಮೂರು ಅಂದುಕೊಂಡದ್ದು ಐದು

ಚಿತ್ರದುರ್ಗದ ಆಸ್ಪತ್ರೆಯೊಂದರ ಕಂಪ್ಯೂಟರ್‌ಗಳೆಲ್ಲ ಸೇರುವ ದೊಡ್ಡ ಸ್ವಿಚ್‌ನಲ್ಲಿ ಒಂದು ಕೇಬಲ್ ಬದಲಿಸಲು ಹೋಗಿದ್ದೆ. ‘ಎರಡನೇ ಕಾರ್ಡು, ಮೂರನೇ ಪೋರ್ಟು’ ಎಂದಿದ್ದರು ನಮ್ಮ ಆಫೀಸಿನವರು. ಆ ಕಾರ್ಡಿನಲ್ಲಿ ಕೇಬಲ್ ಚುಚ್ಚುವ ಕಿಂಡಿಗಳು ಮೇಲೊಂದು ಕೆಳಗೊಂದು ಎರಡು ಸಾಲಿದ್ದವು; ಮೇಲಿನ ಸಾಲಿನಲ್ಲಿ ಎಡದಿಂದ ಮೂರು ಎಣಿಸಿ ಕೇಬಲ್ ಹಿಡಿದೆ.

‘ತಡೀರಿ ಸಾರ್, ಅದು ಐದು!’ ಕಸ ಗುಡಿಸುತ್ತಿದ್ದ ರತ್ನಮ್ಮ ಕೂಗಿದರು. ‘ಮೇಲಿಂದು ಒಂದು, ಅದರ ಕೆಳಗಿಂದು ಎರಡು, ಹಂಗೆ ಎಣಿಸ್ಬೇಕು. ಹೋದ್ಸಲ ಬಂದೋರು ಐದು ಕಿತ್ತು ಲ್ಯಾಬೇ ನಿಂತೋಗಿತ್ತು. ಈಗ ಒಳಗೆ ಹೆರಿಗೆ ಆಪರೇಷನ್ ನಡೀತೈತೆ, ರಕ್ತದ ರಿಪೋರ್ಟ್ ಬರ್ಬೇಕು.’

ಬಗ್ಗಿ ನೋಡಿದೆ. ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಬೆವರೊರೆಸಿಕೊಂಡು, ಪಕ್ಕದ ಸರಿಯಾದ ಕೇಬಲ್ ಬದಲಿಸಿದೆ. ಸ್ವಲ್ಪ ಹೊತ್ತಿಗೆ ಮಗು ಅಳುವುದು ಕೇಳಿಸಿದಾಗ ನನಗೂ ಉಸಿರು ಬಂತು.

ಕೆಲಸದ ವರದಿಯಲ್ಲಿ ‘ಸ್ಥಳೀಯ ತಜ್ಞರ ಸಲಹೆ ಪಡೆಯಲಾಯಿತು’ ಎಂದು ಬರೆದೆ. ಯಾವ ತಜ್ಞರು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.