ಸಂಜೆಮಲ್ಲಿಗೆಯ ಉಳಿದ ಫೋಟೋಗಳು

ಬೆಳಿಗ್ಗೆ ತೆಳ್ಳೇವು ದೋಸೆ ಎರೆದೆ. ಎರಡು ಬಕೆಟ್ ಬಟ್ಟೆ ಒಗೆದೆ. ಮೋಡ ಕಂಡು ಹಪ್ಪಳ ಒಳಗೆ ತಂದೆ, ಬಿಸಿಲು ಬಂತೆಂದು ಮತ್ತೆ ಹೊರಗಿಟ್ಟೆ. ಗ್ಯಾಸಿನವನಿಗಾಗಿ ಕಾದೆ, ಬರಲಿಲ್ಲ. ಮಧ್ಯಾಹ್ನ ಸ್ಟುಡಿಯೋ ಅಣ್ಣನ ಕ್ಯಾಮೆರಾ ಒರೆಸಿ, ವಾಪಸ್ ಕೊಡಲು ಹಿತ್ತಿಲಾಚೆಯ ಅವರ ಮನೆಗೆ ಹೋದೆ. ಅವರು ತೀರಿಕೊಂಡು ಇಂದಿಗೆ ಹದಿನಾರು ದಿನ. "ನಿನ್ನ ಕಡೇನ ಇರ್ಲಿ ತಂಗಿ, ನಾ ಇಟ್ಕೊಂಡು ಏನ್ ಮಾಡ್ಲಿ" ಎಂದರು ಅವರ ಹೆಂಡತಿ. ತಿರುಗಿ ತಂದೆ.

ಅಣ್ಣನ ಮುಖದಲ್ಲಿ ಸುಕ್ಕಿದ್ದದ್ದು ಎಡಗಣ್ಣಿನ ಸುತ್ತ ಮಾತ್ರ. ನಲವತ್ತು ವರ್ಷ ಆ ಕಣ್ಣು ಮುಚ್ಚಿ ಬಲಗಣ್ಣಲ್ಲಿ ಶಿರಸಿಯ ಅರ್ಧ ಊರನ್ನು ನೋಡಿದವರು. ಬನವಾಸಿ ಕಡೆಯವರು, ಇಷ್ಟು ವರ್ಷವಾದರೂ ಆ ಕಡೆಯ ಮಾತು ಬಿಟ್ಟಿರಲಿಲ್ಲ. ಮದುಮಗಳಿರಲಿ, ಪಾಸ್‌ಪೋರ್ಟ್ ಫೋಟೋದ ಮುದುಕರಿರಲಿ, ಹೇಳುವುದು ಒಂದೇ: "ಅಲುಗಾಡಬ್ಯಾಡ್ರಿ." ಸತ್ತವರನ್ನು ಗೋಡೆಗೆ ಒರಗಿಸಿ ಕಡೆಯ ಫೋಟೋ ತೆಗೆಯುವಾಗಲೂ ಬಾಯಿತಪ್ಪಿ ಅದನ್ನೇ ಅಂದುಬಿಟ್ಟಿದ್ದರಂತೆ. ಅಳುತ್ತಿದ್ದವರೆಲ್ಲ ಗಪ್ಪನೆ ಅಳು ನಿಲ್ಲಿಸಿದರಂತೆ.

ಹೋದ ವರ್ಷ ಅವರ ನೋಟ ಅಂಚಿನಿಂದ ಕಪ್ಪಾಗತೊಡಗಿತು. ಕೀಲಿಕಿಂಡಿಯಲ್ಲಿ ಇಣುಕಿದಂತೆ ನಡುವೆ ಒಂದಿಷ್ಟು ಉಳಿದಿತ್ತು. ಅದೂ ಹೆಚ್ಚು ದಿನ ಇರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದರು. ಮಳೆಗಾಲದ ಕೊನೆಗೆ ಒಂದು ದಿನ ಕ್ಯಾಮೆರಾ, ಸ್ಟ್ಯಾಂಡು ಹಿಡಿದು ನಮ್ಮಂಗಳಕ್ಕೇ ಬಂದರು.

"ಎಲ್ಲಾರ್ಗೂ ಅಲುಗಾಡಬ್ಯಾಡ್ರಿ ಅಂತನ ಜೀವಾ ಕಳದೆ. ಕಣ್ಣು ಹೋಗೂದ್ರಾಗ ಒಂದ್ ಹೂ ಅರಳೂದು ನೋಡ್ಬೇಕು ತಂಗಿ. ನೀ ತೆಗಿ. ದಿನಾ ಡೈರಿ ಬರಿಯಾಕಿ ನೀ, ನಿನಗ ತಾಳ್ಮಿ ಐತಿ."

ನಮ್ಮ ಬಾವಿಕಟ್ಟೆಯ ಸಂಜೆಮಲ್ಲಿಗೆ ನಾಲ್ಕಕ್ಕೆ ಬಿಚ್ಚಲು ಶುರುಮಾಡಿ ಆರರೊಳಗೆ ಅರಳುತ್ತದೆ. ಇಪ್ಪತ್ತು ಸೆಕೆಂಡಿಗೊಂದು ಫೋಟೋ. ಎರಡು ಗಂಟೆಗೆ ಮುನ್ನೂರ ಅರವತ್ತು. ಒಂದರ ಹಿಂದೊಂದು ವಿಡಿಯೋದಂತೆ ಓಡಿಸಿದರೆ ಹದಿನೈದು ಸೆಕೆಂಡೂ ಇಲ್ಲ. ಸ್ಟ್ಯಾಂಡು ಗಾಳಿಗೆ ಅಲುಗದಂತೆ ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿ ಅದಕ್ಕೆ ನೇತುಹಾಕಿಸಿದರು. "ಎಂತೇ, ಹೂವಿಗೂ ಕಾವಲು ಕುತ್ಗಂಡಿದ್ಯ?" ಎಂದು ನಮ್ಮನೆಯವರು ನಕ್ಕು ಒಳಗೆ ಹೋದರು.

ಮೊದಲ ದಿನ ಬೆಳಕನ್ನು ಕ್ಯಾಮೆರಾದ ಪಾಲಿಗೇ ಬಿಟ್ಟಿದ್ದೆ. ಮೋಡ ಬಂದಾಗೊಮ್ಮೆ ಹೋದಾಗೊಮ್ಮೆ ಅದು ತನ್ನಷ್ಟಕ್ಕೆ ಸರಿಮಾಡಿಕೊಂಡು, ಓಡಿಸಿದರೆ ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣುಕಿತು. "ಎಲ್ಲಾ ಕೈಯಾಗ ಇಟ್ಕೋ. ಬೆಳಕು, ಫೋಕಸ್ಸು, ಎಲ್ಲಾ ಒಮ್ಮೆ ಇಟ್ರ ಮುಟ್ಟಬ್ಯಾಡ" ಎಂದರು. ಕಡೆಕಡೆಗೆ ಕಪ್ಪಾಗುತ್ತದಲ್ಲ ಎಂದೆ. "ಸಂಜಿ ಆದ್ರ ಕತ್ತಲಾಗಬೇಕಲ್ಲ?"

ಮರುದಿನ ಹಾಗೆಯೇ ಇಟ್ಟೆ. ಐದೂವರೆಗೆ ಮಳೆಮೋಡ ಕವಿದು ಕತ್ತಲಾಯಿತು. ದೀಪ ಹಚ್ಚಲೆಂದು ಎದ್ದವಳು ದಿನವೂ ಮಾಡುವಂತೆ ಹರಿವಾಣ ಹಿಡಿದು ಹೂ ಕೊಯ್ದೆ. ದೇವರ ಮುಂದೆ ಇಡುವಾಗಲೇ ನೆನಪಾದದ್ದು. ಕ್ಯಾಮೆರಾ ಹೊರಗೆ ಬರೀ ತೊಟ್ಟಿನ ಫೋಟೋ ತೆಗೆಯುತ್ತಿತ್ತು.

ಅವರು ಕ್ಯಾಮೆರಾದ ತೆರೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. ಹೂವು ಅರೆಬಿರಿದಿತ್ತು. ಬಳೆ ತೊಟ್ಟ ಕೈ ಬಂತು. ಹೂವಿಲ್ಲ.

"ಯಾರ ಕೈ ಇದು?"

"ನಂದೇ ಅಣ್ಣಾ. ದೀಪದ ಹೊತ್ತಾತು, ಕೈ ತಾನೇ ಹೋತು."

ಅವರು ನಕ್ಕರು. "ಹೋಗ್ಲಿ ಬಿಡು, ದೇವ್ರರ ನೋಡಿದ್ನಲ್ಲ." ನನಗೆ ನಗು ಬರಲಿಲ್ಲ.

ಮರುದಿನದಿಂದ ಮಳೆ. ಹೊಡೆತಕ್ಕೆ ಮೊಗ್ಗುಗಳೆಲ್ಲ ಉದುರಿದವು. ಇಪ್ಪತ್ತೆರಡು ದಿನ ಬಿಟ್ಟು ಮಳೆ ನಿಂತು ಹೊಳವಾಯಿತು. ಅವತ್ತು ಮನೆಯಲ್ಲಿ ಯಾರನ್ನೂ ಬಾವಿಕಟ್ಟೆಗೆ ಬಿಡದೆ ಆರರವರೆಗೆ ಕೂತೆ. ಹೂವು ಪೂರ್ತಿ ಅರಳಿತು. ಒಂದೂ ತಪ್ಪಲಿಲ್ಲ. ಕ್ಯಾಮೆರಾ ಹಿಡಿದು ಓಡಿದೆ. ಅವರು ತೆರೆಯನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ನನ್ನ ಕೈಗೇ ಕೊಟ್ಟರು.

"ಮಿಣುಕ್ತದೇನು?"

"ಇಲ್ಲ ಅಣ್ಣಾ."

"ಹಂಗಾರ ಹೇಳು."

ಓಡಿಸಿದೆ. ನಾನು "ಮೊಗ್ಗಿನ ಮೂತಿ" ಎನ್ನುವಷ್ಟರಲ್ಲಿ ಹೂವು ಅರಳಿ ಮುಗಿದಿತ್ತು. ಮೂರು ಸಲ ಹಾಗೇ ಆಯಿತು.

"ಒಂದೊಂದ ಫೋಟೋ ಹೇಳು. ನನಗೇನ್ ಗಡಿಬಿಡಿ ಐತಿ?"

ಹಾಗೆ ಶುರುವಾಯಿತು. ದಿನವೂ ಊಟದ ಪಾತ್ರೆ ತೊಳೆದಿಟ್ಟು ಹೋಗಿ ಹೇಳುತ್ತಿದ್ದೆ. ಎಪ್ಪತ್ತೊಂದು, ಮೂತಿ ಸ್ವಲ್ಪ ಸಡಿಲ. ಎಪ್ಪತ್ತೆರಡು, ಹಾಗೆಯೇ ಇದೆ. ಎಪ್ಪತ್ತಮೂರು, ಒಂದು ಇರುವೆ.

"ಎತ್ತಾಗಿಂದ ಬಂತು?"

"ಎಡಗಡೆಯಿಂದ."

"ಎಪ್ಪತ್ನಾಕು?"

"ಇರುವೆ ಇಲ್ಲ."

"ಪುಣ್ಯಾತ್ಮ, ಪೋಸ್ ಕೊಡಾಕ ನಿಲ್ಲಲಿಲ್ಲ ನೋಡು."

ಇನ್ನೂರ ಹದಿನಾಲ್ಕರಲ್ಲಿ ಹೂವು ಅರ್ಧ ಬಿಚ್ಚಿತ್ತು. ಅವರಿಗೆ ದಣಿವಾಗಿತ್ತು. ಉಳಿದದ್ದನ್ನು ಬೇಗ ಮುಗಿಸಿಬಿಡಲೇ ಎಂದೆ. "ಬ್ಯಾಡ. ನಾಳೆ ಹೇಳು. ಒಮ್ಮೆಲೇ ಅರಳಿಸಿಬಿಡಬ್ಯಾಡ." ಮರುದಿನ ಬೆಳಿಗ್ಗೆ ಅವರ ಹೆಂಡತಿ ಚಹಾ ತಂದು ಕರೆದಾಗ ಅಲುಗಾಡಲಿಲ್ಲವಂತೆ.

ನೂರ ನಲವತ್ತಾರು ಫೋಟೋ ನನ್ನ ಹತ್ತಿರವೇ ಉಳಿದವು. ಇವತ್ತು ಕ್ಯಾಮೆರಾ ತಿರುಗಿ ತಂದವಳು ಬಾವಿಕಟ್ಟೆಯಲ್ಲಿ ಕೂತು ಇನ್ನೂರ ಹದಿನೈದನೆಯದನ್ನು ತೆರೆದೆ. ಹೂವಿನ ಎಡಗಡೆಯ ಮಡಿಕೆಯೊಂದು ಬಿಚ್ಚಿಕೊಂಡಿತ್ತು. ಹೇಳಲೆಂದು ಬಾಯಿ ತೆರೆದೆ. ಕ್ಯಾಮೆರಾ ಆರಿಸಿ, ದೀಪಕ್ಕೆ ಹೂ ಕೊಯ್ದೆ. ಒಂದನ್ನು ಗಿಡದಲ್ಲೇ ಬಿಟ್ಟೆ.

ರಾತ್ರಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ನಮ್ಮನೆಯವರು ಮೊದಲು ಮಲಗಿದರು.